ಗುಡಿಸಿದರೆ ಸಾಲದು, ಅಳಿಸಬೇಕು

ಕಾಲೇಜು ಪ್ರವೇಶದ ದಿನಗಳಲ್ಲಿ ಯಾವುದೇ ತಾಲ್ಲೂಕು ಕೇಂದ್ರದ ಜೆರಾಕ್ಸ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಗೋಡೆಯ ಮೇಲೆ ಅಂಗಡಿಯ ವಾಟ್ಸಾಪ್ ನಂಬರು ಅಂಟಿಸಿರುತ್ತದೆ. ಬಂದವರು ತಮ್ಮ ಫೋನಿನಿಂದ ಆ ನಂಬರಿಗೆ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ಪಹಣಿ ಎಲ್ಲವನ್ನೂ ಕಳಿಸುತ್ತಾರೆ. ಅಂಗಡಿಯ ಹುಡುಗ ಅವನ್ನು ಕಂಪ್ಯೂಟರಿನಲ್ಲಿ ತೆರೆದು, ಪ್ರಿಂಟ್ ಕೊಟ್ಟು, ಮುಂದಿನವರನ್ನು ಕರೆಯುತ್ತಾನೆ. ಕಾಗದ ಕೈಗೆ ಬಂತು, ದುಡ್ಡು ಕೊಟ್ಟಾಯಿತು, ಕೆಲಸ ಮುಗಿಯಿತು. ಫೈಲು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅಂಗಡಿಯ ಫೋನಿನಲ್ಲಿ ಒಂದು ಪ್ರತಿ, ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇನ್ನೊಂದು ಪ್ರತಿ, ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿಯಲ್ಲಿ ಅದರ ಹೆಸರು, ಅದು ಚಿತ್ರವಾಗಿದ್ದರೆ ಅದರದೊಂದು ಪುಟ್ಟ ನಕಲು. ಸಂಜೆಯ ಹೊತ್ತಿಗೆ ಆ ಒಂದು ಕಂಪ್ಯೂಟರಿನಲ್ಲಿ ಅರ್ಧ ಊರಿನ ಗುರುತು ಕೂಡಿಬಿದ್ದಿರುತ್ತದೆ.

ಹೀಗೆ ಉಳಿದುಹೋಗುವುದನ್ನೆಲ್ಲ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ: ಜಂಕ್. "ಸಿಸ್ಟಮ್ ಸ್ಲೋ ಆಗಿದೆ, ಟೆಂಪ್ ಫೈಲ್ ತೆಗೀರಿ" ಎಂಬ ಮಾತು ಕೇಳದ ಕಚೇರಿಯಿಲ್ಲ. ಆದರೆ ಈ ಉಳಿಕೆಯಲ್ಲಿ ಎರಡು ಬಗೆಯಿದೆ. ಒಂದು, ಜಾಗ ತಿನ್ನುವ ಕಸ. ಇನ್ನೊಂದು, ನಮ್ಮ ಗುಟ್ಟು ಹೊತ್ತ ಗುರುತು. ಕಸ ಗುಡಿಸಲು ಎರಡು ದಶಕಗಳಿಂದ ಎಷ್ಟೋ ತಂತ್ರಾಂಶಗಳು ಪೈಪೋಟಿ ನಡೆಸಿವೆ, ನಾವೂ ಅವುಗಳ ಹಿಂದೆ ಓಡಿದ್ದೇವೆ. ಗುರುತು ಅಳಿಸುವ ಕೆಲಸ ಮಾತ್ರ ಹಿಂದೆ ಉಳಿದಿದೆ. ಕಂಪ್ಯೂಟರ್ ಶುಚಿಗೊಳಿಸುವ ಪ್ರಶ್ನೆಯನ್ನು ಇಡಿಯಾಗಿ ನೋಡಿದರೆ, ನಮ್ಮ ಗಮನ ವೇಗದಿಂದ ಖಾಸಗಿತನದ ಕಡೆಗೆ ತಿರುಗಬೇಕು ಎಂಬುದು ಸ್ಪಷ್ಟವಾಗುತ್ತದೆ.

ಉಳಿಕೆ ಹುಟ್ಟುವ ಬಗೆ

ತಾತ್ಕಾಲಿಕ ಫೈಲುಗಳು ಯಾರದೋ ಅಚಾತುರ್ಯದಿಂದ ಹುಟ್ಟಿದವಲ್ಲ. ಒಂದು ತಂತ್ರಾಂಶ ಕೆಲಸ ಮಾಡುವಾಗ ಅರ್ಧ ಮುಗಿದದ್ದನ್ನು ಎಲ್ಲಾದರೂ ಇಡಬೇಕು. ವರ್ಡ್‌ನಲ್ಲಿ ಪತ್ರ ಟೈಪ್ ಮಾಡುತ್ತಿರುವಾಗ ಕರೆಂಟು ಹೋದರೂ ಬರಹ ಉಳಿಯುವುದು ಇಂಥದೊಂದು ಪ್ರತಿಯಿಂದಲೇ. ಜಿಪ್ ಫೈಲು ಬಿಚ್ಚುವಾಗ, ಹೊಸ ತಂತ್ರಾಂಶ ಅನುಸ್ಥಾಪಿಸುವಾಗ, ವಿಡಿಯೊ ಸಂಕಲನ ಮಾಡುವಾಗ ಎಲ್ಲೆಡೆ ಇದೇ ಕ್ರಮ. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಡೈರೆಕ್ಟರಿಯಿದೆ. ವಿಂಡೋಸ್‌ನಲ್ಲಿ ಪ್ರತಿ ಬಳಕೆದಾರನಿಗೂ ಅಡಗಿಸಿಟ್ಟ ಆ್ಯಪ್‌ಡೇಟಾ ಫೋಲ್ಡರಿನೊಳಗೆ ಒಂದು ಟೆಂಪ್ ಫೋಲ್ಡರ್ ಇರುತ್ತದೆ. ಕೆಲಸ ಮುಗಿದ ಮೇಲೆ ಎಲೆ ಎತ್ತುವುದು ಆಯಾ ತಂತ್ರಾಂಶದ ಕರ್ತವ್ಯ. ಆದರೆ ತಂತ್ರಾಂಶ ನಡುವೆ ಕುಸಿದುಬಿದ್ದರೆ, ಕಂಪ್ಯೂಟರನ್ನು ನೇರ ಸ್ವಿಚ್ಚಿನಲ್ಲೇ ಆರಿಸಿದರೆ, ಅಥವಾ ಬರೆದವರೇ ಆ ಕೆಲಸ ಮರೆತಿದ್ದರೆ, ಎಲೆಗಳು ಅಲ್ಲೇ ಉಳಿಯುತ್ತವೆ.

ಎರಡನೆಯ ಬಗೆ ಕ್ಯಾಶ್. ಅಡುಗೆಮನೆಯ ಒಗ್ಗರಣೆ ಡಬ್ಬಿಯನ್ನು ನೆನಪಿಸಿಕೊಂಡರೆ ಇದು ಅರ್ಥವಾಗುತ್ತದೆ. ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲ ಉಗ್ರಾಣದಲ್ಲಿ ಇದ್ದರೂ ದಿನಾ ಬೇಕಾದಷ್ಟನ್ನು ಒಲೆಯ ಪಕ್ಕದ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇವೆ. ಬ್ರೌಸರು ಒಮ್ಮೆ ನೋಡಿದ ಪುಟದ ಚಿತ್ರಗಳನ್ನು ಇಟ್ಟುಕೊಳ್ಳುವುದು, ವಿಂಡೋಸ್ ಫೋಟೊಗಳ ಪುಟ್ಟ ನಕಲುಗಳನ್ನು ಮಾಡಿಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಮೂರನೆಯದು ಲಾಗ್, ಅಂದರೆ ಯಂತ್ರ ತನ್ನ ನಡೆಯನ್ನು ತಾನೇ ಬರೆದಿಡುವ ದಿನವಹಿ. ನಾಲ್ಕನೆಯದು ಅಪ್‌ಡೇಟಿನ ಶೇಷ. ವಿಂಡೋಸ್‌ನ ಹೊಸ ಆವೃತ್ತಿ ಬಂದಾಗ ಹಳೆಯದು ವಿಂಡೋಸ್ ಓಲ್ಡ್ ಎಂಬ ಫೋಲ್ಡರಿನಲ್ಲಿ ಹತ್ತಾರು ಜಿಬಿ ಹಿಡಿದು ಕೂರುತ್ತದೆ; ಹೊಸದು ಒಗ್ಗದಿದ್ದರೆ ಹಿಂದಿರುಗಲೆಂದು ಹತ್ತು ದಿನ ಕಾದು, ಆಮೇಲೆ ತಾನಾಗಿ ಅಳಿಯುತ್ತದೆ. ಐದನೆಯದು ತೆಗೆದುಹಾಕಿದ ತಂತ್ರಾಂಶದ ಪಳೆಯುಳಿಕೆ. ಅನ್‌ಇನ್‌ಸ್ಟಾಲ್ ಮಾಡಿದರೂ ಅದರ ಸೆಟ್ಟಿಂಗು, ಲಾಗಿನ್ ವಿವರ, ಹಳೆಯ ಯೋಜನೆಗಳ ಪಟ್ಟಿ ಆ್ಯಪ್‌ಡೇಟಾದಲ್ಲಿ ಉಳಿಯುತ್ತವೆ. ಬಳಕೆದಾರ ಮುಂದೊಂದು ದಿನ ಮತ್ತೆ ಹಾಕಿಕೊಂಡಾನು ಎಂಬ ಎಣಿಕೆಯಿಂದ ಎಷ್ಟೋ ತಯಾರಕರು ಬೇಕೆಂದೇ ಹಾಗೆ ಬಿಡುತ್ತಾರೆ.

ಇವುಗಳ ನಡುವೆಯೇ ಖಾಸಗಿ ಉಳಿಕೆ ಬೆರೆತಿರುತ್ತದೆ. ಬ್ರೌಸರಿನ ಇತಿಹಾಸ, ಕುಕೀ, ಉಳಿಸಿದ ಪಾಸ್‌ವರ್ಡ್, ಅರ್ಜಿ ತುಂಬುವಾಗ ತಾನಾಗಿ ಮೂಡುವ ಹೆಸರು ಮತ್ತು ಫೋನ್ ನಂಬರು ಎಲ್ಲರಿಗೂ ಗೊತ್ತಿರುವಂಥವು. ಕಣ್ಣಿಗೆ ಬೀಳದವೂ ಇವೆ. ಫೋಟೊ ಡಿಲೀಟ್ ಮಾಡಿದ ಮೇಲೂ ಅದರ ಪುಟ್ಟ ನಕಲು ಕ್ಯಾಶ್‌ನಲ್ಲಿ ಉಳಿಯಬಹುದು. ವಿಂಡೋಸ್‌ನಲ್ಲಿ ಕ್ಲಿಪ್‌ಬೋರ್ಡ್ ಹಿಸ್ಟರಿ ಸೌಲಭ್ಯ ಚಾಲೂ ಇದ್ದರೆ, ವಿಂಡೋಸ್ ಕೀಲಿಯ ಜೊತೆ ವಿ ಒತ್ತಿದಾಗ ಇತ್ತೀಚೆಗೆ ಕಾಪಿ ಮಾಡಿದ 25 ತುಣುಕುಗಳವರೆಗೆ ಸಾಲಾಗಿ ತೆರೆದುಕೊಳ್ಳುತ್ತವೆ. ಅವುಗಳಲ್ಲಿ ಯಾರದೋ ಬ್ಯಾಂಕ್ ಖಾತೆಯ ನಂಬರೂ ಇರಬಹುದು. ಕಂಪ್ಯೂಟರನ್ನು ಹೈಬರ್ನೇಟ್ ಮಾಡಿದಾಗ ಆ ಕ್ಷಣದ ಮೆಮೊರಿ ಒಂದು ದೊಡ್ಡ ಫೈಲಾಗಿ ಡಿಸ್ಕಿನ ಮೇಲೆ ಇಳಿಯುತ್ತದೆ.

ವೇಗದ ಭ್ರಮೆ

ಟೆಂಪ್ ಫೈಲು ತೆಗೆದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂಬ ನಂಬಿಕೆ ಬಂದದ್ದು ಡಿಸ್ಕುಗಳು ಚಿಕ್ಕವಿದ್ದ ಕಾಲದಿಂದ. ವಿಂಡೋಸ್ 98ರ ಜೊತೆಗೆ ಡಿಸ್ಕ್ ಕ್ಲೀನಪ್ ಬಂದಾಗ ಮನೆಯ ಕಂಪ್ಯೂಟರಿನ ಡಿಸ್ಕು ಕೆಲವೇ ಜಿಬಿಯಷ್ಟಿತ್ತು. ಆಗ ಇನ್ನೂರು ಎಂಬಿ ಉಳಿತಾಯ ಕೂಡ ದೊಡ್ಡದು. ಡಿಸ್ಕು ಪೂರ್ತಿ ತುಂಬಿದರೆ ಯಂತ್ರ ತಡವರಿಸುವುದು ಇಂದಿಗೂ ನಿಜ, ಏಕೆಂದರೆ ವಿಂಡೋಸ್‌ಗೆ ತನ್ನ ಪೇಜ್ ಫೈಲಿಗೂ ಅಪ್‌ಡೇಟಿಗೂ ಖಾಲಿ ಜಾಗ ಬೇಕು. ಸಿ ಡ್ರೈವ್ ಕೆಂಪು ಬಣ್ಣಕ್ಕೆ ತಿರುಗಿದ್ದರೆ ಖಂಡಿತ ಗುಡಿಸಬೇಕು. ಆದರೆ ಅರ್ಧ ಡಿಸ್ಕು ಖಾಲಿ ಇರುವಾಗ ಎರಡು ಜಿಬಿ ಟೆಂಪ್ ಫೈಲು ತೆಗೆದರೆ ವೇಗದಲ್ಲಿ ಕಾಣುವಂಥ ವ್ಯತ್ಯಾಸ ಬರುವುದಿಲ್ಲ.

ಅಷ್ಟೇ ಅಲ್ಲ, ಕೆಲವನ್ನು ತೆಗೆದರೆ ಯಂತ್ರ ನಿಧಾನವಾಗುತ್ತದೆ. ದಿನಾ ಕ್ಯಾಶ್ ಖಾಲಿ ಮಾಡುವುದೆಂದರೆ ಪ್ರತಿ ರಾತ್ರಿ ಒಗ್ಗರಣೆ ಡಬ್ಬಿಯನ್ನು ಉಗ್ರಾಣಕ್ಕೆ ಸುರಿದು ಬರುವುದು. ಮರುದಿನ ಎಲ್ಲವನ್ನೂ ಮತ್ತೆ ತುಂಬಿಕೊಳ್ಳಬೇಕು. ಮೊಬೈಲ್ ಡೇಟಾದಲ್ಲಿ ಕಂಪ್ಯೂಟರ್ ನಡೆಸುವವರಿಗೆ ಅದು ದುಡ್ಡಿನ ಖರ್ಚು ಕೂಡ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಇರುವ ಪ್ರಿಫೆಚ್ ಫೋಲ್ಡರನ್ನು ಅಳಿಸಬೇಕೆಂಬ ಸಲಹೆ ಈಗಲೂ ಓಡಾಡುತ್ತದೆ. ತಂತ್ರಾಂಶಗಳು ಬೇಗ ತೆರೆದುಕೊಳ್ಳಲಿ ಎಂದು ವಿಂಡೋಸ್ ಮಾಡಿಕೊಂಡ ಟಿಪ್ಪಣಿ ಅದು. ಅದನ್ನು ಅಳಿಸಿದರೆ ಯಂತ್ರ ಮತ್ತೆ ಮೊದಲಿನಿಂದ ಕಲಿಯಬೇಕು.

ರಿಜಿಸ್ಟ್ರಿ ಕ್ಲೀನರುಗಳ ವಿಷಯದಲ್ಲಿ ನನ್ನ ತೀರ್ಮಾನ ಇನ್ನೂ ಖಡಾಖಂಡಿತ: ಅವು ಬೇಡವೇ ಬೇಡ. ರಿಜಿಸ್ಟ್ರಿ ಎಂಬುದು ವಿಂಡೋಸ್ ತನ್ನ ಎಲ್ಲ ಸೆಟ್ಟಿಂಗುಗಳನ್ನು ಬರೆದಿಡುವ ಜಮಾಬಂದಿ. ಅಲ್ಲಿ ಅನಾಥವಾಗಿ ಉಳಿದ ನಮೂದುಗಳು ಹಿಡಿಯುವ ಜಾಗ ಲೆಕ್ಕಕ್ಕೆ ಬಾರದಷ್ಟು, ಅವುಗಳಿಂದ ಆಗುವ ತೊಂದರೆಯೂ ಅಷ್ಟೇ. ತಪ್ಪಾದ ಒಂದು ನಮೂದು ಅಳಿದರೆ ಮಾತ್ರ ಇಡೀ ವ್ಯವಸ್ಥೆ ಏಳದೆ ಹೋಗಬಹುದು. ಇಂಥ ಕ್ಲೀನರುಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಅಧಿಕೃತವಾಗಿಯೇ ಹೇಳಿದೆ.

ಗುಡಿಸುವವರನ್ನು ಕಾಯುವವರು ಯಾರು?

ಶುಚಿಗೊಳಿಸುವ ತಂತ್ರಾಂಶಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ಲಂಡನ್ನಿನ ಪಿರಿಫಾರ್ಮ್ ಕಂಪನಿಯ ಸಿಸಿಕ್ಲೀನರ್. ಉಚಿತ, ಸರಳ, ಒಂದು ಗುಂಡಿ ಒತ್ತಿದರೆ ಮುಗಿಯಿತು. ನಮ್ಮಲ್ಲೂ ಕಂಪ್ಯೂಟರ್ ರಿಪೇರಿ ಮಾಡುವವರ ಪೆನ್‌ಡ್ರೈವಿನಲ್ಲಿ ಅದು ತಪ್ಪದೆ ಇರುತ್ತಿತ್ತು. 2017ರ ಜುಲೈನಲ್ಲಿ ಪಿರಿಫಾರ್ಮನ್ನು ಆ್ಯಂಟಿವೈರಸ್ ಕಂಪನಿ ಅವಾಸ್ಟ್ ಕೊಂಡಿತು. ಅದೇ ವರ್ಷದ ಸೆಪ್ಟೆಂಬರ್ 18ರಂದು ಹೊರಬಿದ್ದ ಸುದ್ದಿ ಜಗತ್ತನ್ನೇ ಬೆಚ್ಚಿಬೀಳಿಸಿತು. ಯಾರೋ ಕಳ್ಳರು ತಯಾರಕರ ವ್ಯವಸ್ಥೆಯೊಳಕ್ಕೇ ನುಗ್ಗಿ, ಅಧಿಕೃತ ಜಾಲತಾಣದಿಂದ ಅಧಿಕೃತ ಸಹಿಯೊಂದಿಗೆ ಹಂಚಿಕೆಯಾಗುತ್ತಿದ್ದ 5.33 ಆವೃತ್ತಿಯಲ್ಲಿ ದುಷ್ಟ ಸಂಕೇತ ಸೇರಿಸಿದ್ದರು. ಸುಮಾರು 22.7 ಲಕ್ಷ ಕಂಪ್ಯೂಟರುಗಳಿಗೆ ಅದು ಇಳಿದಿತ್ತು. ಎರಡನೆಯ ಹಂತದ ದಾಳಿಗೆ ಆರಿಸಿದ್ದು ದೊಡ್ಡ ತಂತ್ರಜ್ಞಾನ ಕಂಪನಿಗಳೊಳಗಿನ ಕೆಲವೇ ಯಂತ್ರಗಳನ್ನು. ಶುಚಿಗೊಳಿಸಲು ಕರೆದವನ ಬುಟ್ಟಿಯಲ್ಲೇ ಹಾವು ಒಳಗೆ ಬಂದಿತ್ತು.

ಇನ್ನೊಂದು ಪ್ರಕರಣವೂ ಪಾಠ ಹೇಳುತ್ತದೆ. ಅವಾಸ್ಟ್ ತನ್ನ ಆ್ಯಂಟಿವೈರಸ್ ಮತ್ತು ಬ್ರೌಸರ್ ಎಕ್ಸ್‌ಟೆನ್ಷನ್‌ಗಳ ಮೂಲಕ ಜನರ ಬ್ರೌಸಿಂಗ್ ವಿವರ ಸಂಗ್ರಹಿಸಿ, ಜಂಪ್‌ಶಾಟ್ ಎಂಬ ಅಂಗಸಂಸ್ಥೆಯಿಂದ ಮಾರುತ್ತಿದ್ದುದು ಬಯಲಾಯಿತು. 2020ರಲ್ಲಿ ಆ ಸಂಸ್ಥೆ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್‌ಗೆ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ಶುಚಿಗೊಳಿಸುವ ತಂತ್ರಾಂಶಕ್ಕೆ ನಾವು ಮನೆಯ ಎಲ್ಲ ಕೋಣೆಗಳ ಬೀಗದ ಕೈ ಕೊಡುತ್ತೇವೆ. ಹಾಗೆ ಕೊಡುವ ಮುನ್ನ ಅದು ಉಚಿತವಾಗಿ ಏಕೆ ಸಿಗುತ್ತಿದೆ ಎಂದು ಕೇಳಿಕೊಳ್ಳಬೇಕು.

ಹಾಗೆಂದು ಎಲ್ಲವೂ ಕೆಟ್ಟವಲ್ಲ. 2008ರಲ್ಲಿ ಬಂದ ಬ್ಲೀಚ್‌ಬಿಟ್ ಮುಕ್ತ ತಂತ್ರಾಂಶ. ಲಿನಕ್ಸ್, ವಿಂಡೋಸ್ ಎರಡರಲ್ಲೂ ನಡೆಯುತ್ತದೆ, ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಆದರೆ ಸಾಮಾನ್ಯ ಬಳಕೆದಾರನಿಗೆ ಅದರ ಅಗತ್ಯವೂ ಈಗ ಕಡಿಮೆ. ವಿಂಡೋಸ್ 10ಕ್ಕೆ 2017ರಲ್ಲಿ ಸೇರಿದ ಸ್ಟೋರೇಜ್ ಸೆನ್ಸ್ ತಾತ್ಕಾಲಿಕ ಫೈಲುಗಳನ್ನು ತಾನಾಗಿಯೇ ತೆಗೆಯಬಲ್ಲದು, ರಿಸೈಕಲ್ ಬಿನ್ನನ್ನು ಇಂತಿಷ್ಟು ದಿನಕ್ಕೊಮ್ಮೆ ಖಾಲಿ ಮಾಡಬಲ್ಲದು. ಹಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಸಿಸ್ಟಮ್‌ಡಿ ಹತ್ತು ದಿನ ಮುಟ್ಟದ ತಾತ್ಕಾಲಿಕ ಫೈಲನ್ನು ತಾನೇ ತೆಗೆಯುತ್ತದೆ. ಕಸ ಗುಡಿಸುವ ಸಮಸ್ಯೆ ಬಹುಮಟ್ಟಿಗೆ ಪರಿಹಾರವಾಗಿದೆ ಎಂದೇ ಹೇಳಬಹುದು.

ಕಸದ ಜೊತೆ ಕಾಳೂ ಹೋದಾಗ

ಅವಸರದ ಗುಡಿಸಾಟದ ಅಪಾಯಕ್ಕೆ ಸಾಕ್ಷಿಯಾಗಿ ಎರಡು ದೊಡ್ಡ ಪ್ರಸಂಗಗಳಿವೆ. 2018ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ವಿಂಡೋಸ್ 10ರ ಅಪ್‌ಡೇಟು ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನೇ ಅಳಿಸಿಹಾಕಿತು. ಕಾರಣ ಹುಡುಕಿದಾಗ ತಿಳಿದದ್ದು ಇದು: ಈ ಫೋಲ್ಡರುಗಳನ್ನು ಬೇರೆ ಡ್ರೈವಿಗೆ ಸ್ಥಳಾಂತರಿಸಿದವರ ಕಂಪ್ಯೂಟರಿನಲ್ಲಿ ಹಳೆಯ ಜಾಗದಲ್ಲಿ ಖಾಲಿ ನಕಲು ಫೋಲ್ಡರುಗಳು ಉಳಿಯುತ್ತಿದ್ದವು. ಆ ಉಳಿಕೆಯನ್ನು ತೆಗೆಯಲೆಂದು ಸೇರಿಸಿದ ಸಂಕೇತ, ಹಳೆಯ ಜಾಗದಲ್ಲಿ ನಿಜವಾಗಿ ಫೈಲು ಇದ್ದವರದ್ದನ್ನೂ ಅಳಿಸಿತು. ತೊಂದರೆಗೊಳಗಾದವರ ಪ್ರಮಾಣ ತೀರಾ ಸಣ್ಣದಾಗಿದ್ದರೂ ಕಂಪನಿ ಇಡೀ ಅಪ್‌ಡೇಟನ್ನು ತಡೆಹಿಡಿಯಬೇಕಾಯಿತು.

2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ ನಡೆದದ್ದು ಇನ್ನೂ ದೊಡ್ಡದು. ಹಳೆಯ ಲಾಗ್ ಫೈಲುಗಳನ್ನು ಅಳಿಸಲು ಬರೆದಿದ್ದ ಸ್ಕ್ರಿಪ್ಟನ್ನು ಅದು ಓಡುತ್ತಿರುವಾಗಲೇ ಬದಲಿಸಲಾಯಿತು. ಅದರಿಂದಾದ ಎಡವಟ್ಟಿನಲ್ಲಿ ಲಾಗ್ ಬದಲು ಸಂಶೋಧಕರ ಫೈಲುಗಳೇ ಅಳಿದವು. ಸುಮಾರು 77 ಟೆರಾಬೈಟ್, ಮೂರು ಕೋಟಿಗೂ ಹೆಚ್ಚು ಫೈಲುಗಳು, 14 ಸಂಶೋಧನಾ ತಂಡಗಳ ಕೆಲಸ. ಯಂತ್ರ ಪೂರೈಸಿದ ಕಂಪನಿ ತನ್ನದೇ ತಪ್ಪೆಂದು ಒಪ್ಪಿಕೊಂಡಿತು. ಪರಿಣತರಿಗೇ ಹೀಗಾಗುವಾಗ ನಮ್ಮಂಥವರು ಇನ್ನಷ್ಟು ಎಚ್ಚರ ವಹಿಸಬೇಕು.

ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ನಡೆಯುವ ನಷ್ಟ ಬೇರೆ ಬಗೆಯದು. ಇಮೇಲಿಗೆ ಬಂದ ಲಗತ್ತನ್ನು ಉಳಿಸಿಕೊಳ್ಳದೆ ಅಲ್ಲೇ ತೆರೆದು ತಿದ್ದುತ್ತಾರೆ. ಆ ಫೈಲು ವಾಸ್ತವವಾಗಿ ತಾತ್ಕಾಲಿಕ ಫೋಲ್ಡರಿನಲ್ಲಿ ಕೂತಿರುತ್ತದೆ. ಮಧ್ಯಾಹ್ನ ಯಾರೋ ಬಂದು ಟೆಂಪ್ ಫೈಲು ತೆಗೆದರೆ ಬೆಳಗಿನ ಕೆಲಸವೆಲ್ಲ ಹೋದಂತೆಯೇ. ಡೌನ್‌ಲೋಡ್ಸ್ ಫೋಲ್ಡರನ್ನೇ ಬೀರುವಿನಂತೆ ಬಳಸುವವರೂ ಬಹಳ ಮಂದಿ. ವಿಂಡೋಸ್ 10ರ ಕೆಲವು ಆವೃತ್ತಿಗಳಲ್ಲಿ ಡಿಸ್ಕ್ ಕ್ಲೀನಪ್ಪಿನ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಸೇರಿತ್ತು. ಎಲ್ಲಕ್ಕೂ ಟಿಕ್ ಹಾಕುವ ಅಭ್ಯಾಸದವರು ತಮ್ಮ ಫೈಲುಗಳನ್ನು ಕಳೆದುಕೊಂಡರು. ಪಟ್ಟಿ ಓದಿ ಟಿಕ್ ಹಾಕಬೇಕು, ಬೇಕಾದ ಫೈಲಿನ ಇನ್ನೊಂದು ಪ್ರತಿ ಬೇರೆಡೆ ಇದೆಯೆಂದು ಖಚಿತಪಡಿಸಿಕೊಂಡೇ ಅಳಿಸಬೇಕು.

ಬ್ರೌಸರ್ ಬರೆಯುವ ದಿನಚರಿ

ಖಾಸಗಿ ಉಳಿಕೆಯ ದೊಡ್ಡ ಕಣಜ ಬ್ರೌಸರು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಕುಕೀಯನ್ನು ರೂಪಿಸಿದ್ದು ಒಂದು ಸಣ್ಣ ಅನುಕೂಲಕ್ಕಾಗಿ: ಒಮ್ಮೆ ಬಂದವರನ್ನು ಜಾಲತಾಣ ಮತ್ತೆ ಗುರುತಿಸಲಿ ಎಂದು. ಜಾಹೀರಾತು ಉದ್ಯಮ ಅದನ್ನು ಬೆನ್ನುಹತ್ತುವ ಸಾಧನವಾಗಿಸಿತು. 2009ರಲ್ಲಿ ಅಮೆರಿಕದ ಬರ್ಕ್ಲಿಯ ಸಂಶೋಧಕರು ನೂರು ಪ್ರಮುಖ ಜಾಲತಾಣಗಳನ್ನು ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚಿನವು ಫ್ಲ್ಯಾಶ್ ಕುಕೀ ಬಳಸುತ್ತಿದ್ದವು. ಬ್ರೌಸರಿನ ಕುಕೀ ಅಳಿಸಿದರೂ ಇವು ಬೇರೆ ಜಾಗದಲ್ಲಿ ಉಳಿದು, ಕೆಲವೆಡೆ ಅಳಿಸಿದ ಕುಕೀಯನ್ನು ಮತ್ತೆ ಹುಟ್ಟಿಸುತ್ತಿದ್ದವು. 2020ರ ಕೊನೆಯ ದಿನ ಫ್ಲ್ಯಾಶ್‌ಗೆ ಬೆಂಬಲ ಕೊನೆಗೊಂಡಿತು, ಆದರೆ ಅಳಿಸಿದ್ದು ಅಳಿಯದಂತೆ ನೋಡಿಕೊಳ್ಳುವ ಆಸೆ ಆ ಉದ್ಯಮಕ್ಕೆ ಇನ್ನೂ ಹೋಗಿಲ್ಲ.

ಇನ್‌ಕಾಗ್ನಿಟೊ ಅಥವಾ ಖಾಸಗಿ ಕಿಟಕಿಯ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಕಿಟಕಿ ಮುಚ್ಚಿದಾಗ ಆ ಅವಧಿಯ ಇತಿಹಾಸ ಮತ್ತು ಕುಕೀಗಳನ್ನು ಕಂಪ್ಯೂಟರಿನಲ್ಲಿ ಉಳಿಸದಿರುವುದಷ್ಟೇ ಅದರ ಕೆಲಸ. ಡೌನ್‌ಲೋಡ್ ಮಾಡಿದ ಫೈಲು ಡಿಸ್ಕಿನಲ್ಲೇ ಉಳಿಯುತ್ತದೆ. ಇಂಟರ್ನೆಟ್ ಕೊಡುವ ಕಂಪನಿಗೂ ಕಚೇರಿಯ ನೆಟ್‌ವರ್ಕಿಗೂ ಭೇಟಿ ಕೊಟ್ಟ ಜಾಲತಾಣಕ್ಕೂ ನಿಮ್ಮ ನಡೆ ಕಾಣುತ್ತದೆ. ಇನ್‌ಕಾಗ್ನಿಟೊದಲ್ಲೂ ಗೂಗಲ್ ಬಳಕೆದಾರರ ವಿವರ ಸಂಗ್ರಹಿಸುತ್ತದೆ ಎಂದು 2020ರಲ್ಲಿ ಅಮೆರಿಕದಲ್ಲಿ ಮೊಕದ್ದಮೆ ಹೂಡಲಾಯಿತು. 2024ರ ರಾಜಿಯಲ್ಲಿ ಕಂಪನಿ ಕೋಟ್ಯಂತರ ದಾಖಲೆಗಳನ್ನು ಅಳಿಸಲು ಒಪ್ಪಿತು. ಆದರೂ ಬೇರೆಯವರ ಕಂಪ್ಯೂಟರಿನಲ್ಲಿ ಇಮೇಲ್ ತೆರೆಯಲೇಬೇಕಾದಾಗ ಈ ಕಿಟಕಿ ನಿಜಕ್ಕೂ ಉಪಯುಕ್ತ. ಲಾಗೌಟ್ ಮರೆತರೂ ಕಿಟಕಿಗಳನ್ನೆಲ್ಲ ಮುಚ್ಚಿದರೆ ಬಾಗಿಲು ಹಾಕಿದಂತೆ.

ಇಂದಿನ ನಿಜವಾದ ಆತಂಕ ಕಳ್ಳ ತಂತ್ರಾಂಶಗಳದು. ಪುಕ್ಕಟೆ ಆಟ ಅಥವಾ ಕ್ರ್ಯಾಕ್ ಮಾಡಿದ ತಂತ್ರಾಂಶದ ಜೊತೆ ಬರುವ ಇವು ನೇರವಾಗಿ ಬ್ರೌಸರಿನ ಫೋಲ್ಡರಿಗೆ ಹೋಗಿ ಉಳಿಸಿದ ಪಾಸ್‌ವರ್ಡ್ ಮತ್ತು ಲಾಗಿನ್ ಕುಕೀಗಳನ್ನು ಎತ್ತಿಕೊಳ್ಳುತ್ತವೆ. ಲಾಗಿನ್ ಆಗಿರುವ ಕುಕೀ ಸಿಕ್ಕರೆ ಎಷ್ಟೋ ಕಡೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಕೆಲಸ ಮುಗಿದ ಮೇಲೆ ಲಾಗೌಟ್ ಆಗುವ ಹಳೆಯ ಶಿಸ್ತಿಗೆ ಇರುವ ಬೆಲೆ ಇದು.

ಡಿಲೀಟ್ ಆದದ್ದು ಅಳಿದಿರುವುದಿಲ್ಲ

ಫೈಲನ್ನು ಡಿಲೀಟ್ ಮಾಡಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿದಾಗ ಏನಾಗುತ್ತದೆ? ಪುಸ್ತಕದ ಪರಿವಿಡಿಯಿಂದ ಅಧ್ಯಾಯದ ಹೆಸರು ಹೊಡೆದುಹಾಕಿದಂತೆ. ಪುಟಗಳು ಹಾಗೇ ಇರುತ್ತವೆ. ಅವುಗಳ ಮೇಲೆ ಬೇರೇನಾದರೂ ಅಚ್ಚಾಗುವ ತನಕ, ಬಲ್ಲವರು ಓದಬಹುದು. ಇದನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರು ಎಂಐಟಿಯ ವಿದ್ಯಾರ್ಥಿಗಳಾಗಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್. ಅವರು ಹಳೆಯ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ತಂದು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕುಗಳಲ್ಲಿ ಸರಿಯಾಗಿ ಅಳಿಸಿದ್ದವು ಕೇವಲ 12. ಉಳಿದವುಗಳಿಂದ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರುಗಳು, ವೈದ್ಯಕೀಯ ವಿವರಗಳು, ಖಾಸಗಿ ಪತ್ರಗಳು ಹೊರಬಂದವು. ಒಂದು ಡಿಸ್ಕಂತೂ ಎಟಿಎಂ ಯಂತ್ರದಲ್ಲಿ ಬಳಸಿದ್ದೆಂದು ಕಾಣುತ್ತಿತ್ತು.

ಜೆರಾಕ್ಸ್ ಯಂತ್ರವೂ ಇದಕ್ಕೆ ಹೊರತಲ್ಲ. ಕಚೇರಿಗಳಲ್ಲಿರುವ ದೊಡ್ಡ ಡಿಜಿಟಲ್ ಕಾಪಿಯರ್‌ಗಳಲ್ಲಿ ಹೆಚ್ಚಿನವುಗಳೊಳಗೆ ಹಾರ್ಡ್ ಡಿಸ್ಕ್ ಇರುತ್ತದೆ, ಪ್ರತಿ ತೆಗೆದ ಕಾಗದದ ಚಿತ್ರ ಅಲ್ಲಿ ಉಳಿಯಬಹುದು. ಅಮೆರಿಕದ ಆರೋಗ್ಯ ವಿಮೆ ಸಂಸ್ಥೆ ಅಫಿನಿಟಿ ಬಾಡಿಗೆಗೆ ಪಡೆದ ಕಾಪಿಯರ್‌ಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿದ್ದಕ್ಕೆ 2013ರಲ್ಲಿ ಹನ್ನೆರಡು ಲಕ್ಷ ಡಾಲರಿಗೂ ಹೆಚ್ಚು ಕಟ್ಟಬೇಕಾಯಿತು. ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರ ಆ ಯಂತ್ರಗಳಲ್ಲಿ ಉಳಿದಿರಬಹುದೆಂಬ ಅಂದಾಜಿತ್ತು.

ಹಾಗಾದರೆ ಅಳಿಸುವುದು ಹೇಗೆ? ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ 1996ರ ಪ್ರಬಂಧದಲ್ಲಿ 35 ಸಲ ಮೇಲೆ ಬರೆಯುವ ವಿಧಾನ ಸೂಚಿಸಿದ್ದರು. ಅದು ಆ ಕಾಲದ ಬೇರೆ ಬೇರೆ ಡಿಸ್ಕುಗಳನ್ನೆಲ್ಲ ಗಮನದಲ್ಲಿಟ್ಟು ಹೇಳಿದ್ದು. ಹೊಸ ಡಿಸ್ಕುಗಳಿಗೆ 35 ಸಲದ ಅಗತ್ಯವಿಲ್ಲ ಎಂದು ಮುಂದೆ ಅವರೇ ಸ್ಪಷ್ಟಪಡಿಸಿದರು. ತಿರುಗುವ ಹಾರ್ಡ್ ಡಿಸ್ಕಾದರೆ ಇಡೀ ಡಿಸ್ಕಿನ ಮೇಲೆ ಒಮ್ಮೆ ಪೂರ್ತಿಯಾಗಿ ಬರೆದರೆ ಸಾಮಾನ್ಯ ಬಳಕೆಗೆ ಸಾಕು. ಎಸ್‌ಎಸ್‌ಡಿಯ ಸ್ವಭಾವವೇ ಬೇರೆ. ತನ್ನ ಕೋಶಗಳು ಬೇಗ ಸವೆಯಬಾರದೆಂದು ಅದು ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬರೆಯದೆ ಹೊಸ ಹೊಸ ಜಾಗಕ್ಕೆ ಹೋಗುತ್ತದೆ. ಒಂದು ಫೈಲಿನ ಮೇಲೆ ಬರೆದೆವೆಂದು ನಾವು ತಿಳಿದರೆ, ಹಳೆಯದು ಇನ್ನೊಂದು ಮೂಲೆಯಲ್ಲಿ ಉಳಿದಿರುತ್ತದೆ. 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿದಾಗ, ಒಂದೊಂದೇ ಫೈಲನ್ನು ಸುರಕ್ಷಿತವಾಗಿ ಅಳಿಸುವ ವಿಧಾನಗಳೆಲ್ಲ ಎಸ್‌ಎಸ್‌ಡಿಯಲ್ಲಿ ಸೋತವು. ಫೈಲಿನ ಶೇಕಡಾ 4ರಿಂದ 75ರಷ್ಟು ಭಾಗ ಉಳಿದಿತ್ತು. ಇದಕ್ಕೆ ಪರಿಹಾರ ಮೊದಲೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಡುವುದು. ಮಾರುವಾಗ ಕೀಲಿಯನ್ನು ನಾಶಮಾಡಿದರೆ ಉಳಿದದ್ದು ಯಾರಿಗೂ ಓದಲಾಗದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಮಾರ್ಗಸೂಚಿಯೂ ಇದನ್ನು ಮಾನ್ಯ ಮಾಡಿದೆ.

ಅಳಿಯದ ಗುರುತು ನ್ಯಾಯಕ್ಕೂ ನೆರವಾಗುತ್ತದೆ ಎಂಬುದನ್ನು ಮರೆಯಬಾರದು. ಅಮೆರಿಕದ ವಿಚಿಟಾ ನಗರದಲ್ಲಿ ಹತ್ತು ಕೊಲೆ ಮಾಡಿ ದಶಕಗಳ ಕಾಲ ತಪ್ಪಿಸಿಕೊಂಡಿದ್ದ ಡೆನ್ನಿಸ್ ರೇಡರ್ 2005ರಲ್ಲಿ ಸಿಕ್ಕಿಬಿದ್ದದ್ದು, ಅವನೇ ಕಳಿಸಿದ್ದ ಫ್ಲಾಪಿಯಲ್ಲಿ ಡಿಲೀಟ್ ಆಗಿದ್ದ ಒಂದು ವರ್ಡ್ ಫೈಲಿನಿಂದ. ಅವನ ಹೆಸರಿನ ಮೊದಲ ಭಾಗವೂ ಅವನು ಹೋಗುತ್ತಿದ್ದ ಚರ್ಚಿನ ಹೆಸರೂ ಅದರಲ್ಲಿ ಉಳಿದಿದ್ದವು. ಆದ್ದರಿಂದ ಸೈಬರ್ ವಂಚನೆಗೆ ಒಳಗಾದವರು ಗಾಬರಿಯಲ್ಲಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬಾರದು. ಮೊದಲು 1930ಕ್ಕೆ ಕರೆ ಮಾಡಿ ದೂರು ಕೊಡಬೇಕು. ನಿಮ್ಮ ಪಾಲಿಗೆ ಕಸವಾಗಿ ಕಂಡದ್ದು ಪೊಲೀಸರ ಪಾಲಿಗೆ ಸಾಕ್ಷ್ಯ.

ಹಕ್ಕು ಮತ್ತು ಹೊಣೆ

ಖಾಸಗಿತನ ಸಂವಿಧಾನದತ್ತ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕನ್ನಡ ನಾಡಿನ ಹಿರಿಯರೊಬ್ಬರು ಇಡೀ ದೇಶಕ್ಕೆ ಗಳಿಸಿಕೊಟ್ಟ ಹಕ್ಕು ಇದು. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಉದ್ದೇಶ ಮುಗಿದ ಮೇಲೆ ವಿವರವನ್ನು ಅಳಿಸುವ ಹೊಣೆ ಸಂಗ್ರಹಿಸಿದವರದು, ಅಳಿಸಿರೆಂದು ಕೇಳುವ ಹಕ್ಕು ನಮ್ಮದು ಎಂದು ಅದು ಹೇಳುತ್ತದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಹಂತಹಂತವಾಗಿ ಜಾರಿಯಾಗುವಂಥವು. ಆದರೆ ಊರ ಬಸ್‌ಸ್ಟ್ಯಾಂಡಿನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿಗೆ ಕಾನೂನು ತಾನಾಗಿ ಬಂದು ಕೈಹಾಕುವುದಿಲ್ಲ. ಅಲ್ಲಿ ಕೆಲಸ ಮಾಡಬೇಕಾದದ್ದು ಅಭ್ಯಾಸ.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಸಮಾಧಾನಪಡುವವರಿದ್ದಾರೆ. ಆ ಪಾಸ್‌ವರ್ಡು ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಅದೇ ಫೋಲ್ಡರಿನಲ್ಲಿ ಅದೇ ವ್ಯಕ್ತಿಯ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇದ್ದರೆ ಬೀಗದ ಪಕ್ಕದಲ್ಲೇ ಕೈ ನೇತುಹಾಕಿದಂತೆ.

ಮಾಡಬೇಕಾದ ಕೆಲಸಗಳು ಹೆಚ್ಚೇನಿಲ್ಲ. ನಿಮ್ಮದೇ ಕಂಪ್ಯೂಟರಿನಲ್ಲಿ ಸ್ಟೋರೇಜ್ ಸೆನ್ಸ್ ಚಾಲೂ ಮಾಡಿ, ಡಿಸ್ಕ್ ಎನ್‌ಕ್ರಿಪ್ಷನ್ ಇದ್ದರೆ ಹಾಕಿ ಅದರ ಕೀಲಿಯನ್ನು ಜೋಪಾನವಾಗಿ ಬರೆದಿಡಿ, ಬಳಸದ ತಂತ್ರಾಂಶ ತೆಗೆಯುವ ಮೊದಲು ಅದರೊಳಗೆ ಲಾಗೌಟ್ ಆಗಿ. ಬ್ರೌಸರಿನಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದರೆ ಏನೇನು ಅಳಿಸಬೇಕೆಂದು ಕೇಳುವ ಪಟ್ಟಿ ಬರುತ್ತದೆ. ಪಾಸ್‌ವರ್ಡಿನ ಮುಂದಿನ ಟಿಕ್ ನೋಡಿಕೊಂಡು ಮುಂದುವರಿಯಿರಿ. ಬೇರೆಯವರ ಕಂಪ್ಯೂಟರಿನಲ್ಲಿ ಖಾಸಗಿ ಕಿಟಕಿ ಬಳಸಿ, ವಾಟ್ಸಾಪ್ ವೆಬ್ ತೆರೆದಿದ್ದರೆ ಫೋನಿನ ಲಿಂಕ್ಡ್ ಡಿವೈಸಸ್ ಪಟ್ಟಿಯಿಂದ ಅದನ್ನು ತೆಗೆಯಿರಿ. ಕಂಪ್ಯೂಟರ್ ಮಾರುವಾಗ ರೀಸೆಟ್ ಆಯ್ಕೆಯಲ್ಲಿ ಎಲ್ಲವನ್ನೂ ತೆಗೆದು ಡ್ರೈವ್ ಶುಚಿಗೊಳಿಸುವ ಆಯ್ಕೆಯನ್ನೇ ಆರಿಸಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ, ಹಳೆಯ ಯಂತ್ರ ಬದಲಿಸುವವರು ಹೆಚ್ಚಿದ್ದಾರೆ. ಬೆಂಗಳೂರಿನ ಎಸ್‌ಪಿ ರಸ್ತೆಗಾಗಲಿ ಊರಿನ ಗುಜರಿಗಾಗಲಿ ಕೊಡುವ ಮೊದಲು ಅರ್ಧ ದಿನ ಇದಕ್ಕೆ ಮೀಸಲಿಡಿ.

ಕೊನೆಯ ಮಾತು ಜೆರಾಕ್ಸ್ ಅಂಗಡಿಯವರಿಗೂ ಗ್ರಾಮ ಒನ್ ಕೇಂದ್ರಗಳವರಿಗೂ. ನೀವು ಊರಿನ ಕಾಗದಪತ್ರಗಳ ನಂಬುಗೆಯ ಜನ. ಸಂಜೆ ಶಟರ್ ಎಳೆಯುವ ಮೊದಲು ಐದು ನಿಮಿಷ ಕೊಡಿ. ಡೌನ್‌ಲೋಡ್ಸ್ ಖಾಲಿ ಮಾಡಿ, ರಿಸೈಕಲ್ ಬಿನ್ ಖಾಲಿ ಮಾಡಿ, ವಾಟ್ಸಾಪಿನಲ್ಲಿ ಬಂದ ಆ ದಿನದ ಫೈಲುಗಳನ್ನು ಅಳಿಸಿ. ನೀವು ಗ್ರಾಹಕರಾದರೆ, ಪ್ರಿಂಟು ಕೈಗೆ ಬಂದ ಕೂಡಲೇ "ಅಣ್ಣಾ, ಫೈಲ್ ಡಿಲೀಟ್ ಮಾಡಿಬಿಡಿ" ಎಂದು ಕೇಳಿ, ಮಾಡುವುದನ್ನು ನೋಡಿಕೊಂಡು ಹೊರಡಿ. ಕೇಳುವುದಕ್ಕೆ ಸಂಕೋಚ ಬೇಡ. ಆ ಕಾಗದದಲ್ಲಿರುವುದು ನಿಮ್ಮ ಹೆಸರು, ನಿಮ್ಮ ಹೊಲ, ನಿಮ್ಮ ಮಕ್ಕಳ ಅಂಕ.